ಹೊಗೆ ಹರಡತ್ತೆ, ಮೋಡ ಯಾಕೆ ಹರಡಲ್ಲ? ರೊದ್ದಂ ನರಸಿಂಹ ತೊಟ್ಟಿಯಲ್ಲಿ ಎಬ್ಬಿಸಿದ ಮೋಡ

ಏಪ್ರಿಲ್ ಕೊನೆ, ಮಧ್ಯಾಹ್ನ ಮೂರೂವರೆ ಇರ್ಬೇಕು, ಟೆರೇಸ್ ಮೇಲೆ ಒಣಗಾಕಿದ್ದ ಸಂಡಿಗೆ ಎತ್ಕೊಂಡು ಬರೋಣ ಅಂತ ಹೋದವನು ಅರ್ಧ ಗಂಟೆ ಅಲ್ಲೇ ನಿಂತ್ಬಿಟ್ಟೆ. ಪೂರ್ವದ ಕಡೆ ಒಂದು ಮೋಡ ಕಟ್ತಾ ಇತ್ತು. ಬುಡ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಚಪ್ಪಟೆ, ಮೇಲೆ ಮಾತ್ರ ಹೂಕೋಸು, ಒಂದೊಂದು ಗೆಡ್ಡೆನೂ ಒಳಗಿಂದ ಯಾರೋ ಊದ್ತಾ ಇದಾರೇನೋ ಅನ್ನೋ ಥರ ಉಬ್ಬಿ ಉಬ್ಬಿ ಮೇಲಕ್ಕೆ ಹೋಗ್ತಿತ್ತು. ಅದೇ ಹೊತ್ತಿಗೆ ಪಕ್ಕದ ಖಾಲಿ ಸೈಟಲ್ಲಿ ಯಾರೋ ಒಣಗಿದ ಎಲೆ ಗುಡ್ಡೆ ಹಾಕಿ ಬೆಂಕಿ ಇಟ್ಟಿದ್ರು, ಆ ಹೊಗೆ ಏಳ್ತಾ ಏಳ್ತಾ ಅಗಲ ಆಗಿ, ತೆಳ್ಳಗಾಗಿ, ಮೂರನೇ ಮಹಡಿ ದಾಟೋಷ್ಟರಲ್ಲಿ ಇದೆಯೋ ಇಲ್ವೋ ಅನ್ನೋ ಹಾಗಾಗಿತ್ತು. ಎರಡೂ ಬಿಸಿ ಗಾಳಿ ಮೇಲೇಳೋ ಕೆಲಸಾನೇ ಅಲ್ವಾ. ಒಂದು ಹರಡಿ ಮಾಯ ಆಗತ್ತೆ, ಇನ್ನೊಂದು ಕಿಲೋಮೀಟರ್‌ಗಟ್ಟಲೆ ಹತ್ತಿದ್ರೂ ಕಂಬದ ಹಾಗೆ ಗಟ್ಟಿಯಾಗಿ ನಿಲ್ಲತ್ತೆ. ಯಾಕೆ ಹೀಗೆ?

ಈ ಪ್ರಶ್ನೇನ ಸೀರಿಯಸ್ಸಾಗಿ ತಗೊಂಡು ಒಂದು ಗಾಜಿನ ತೊಟ್ಟಿಯಲ್ಲಿ ನೀರು ತುಂಬಿ ಉತ್ತರ ಹುಡುಕಿದವರು ನಮ್ಮ ಬೆಂಗಳೂರಿನವರೇ, ಅದೂ ಹವಾಮಾನ ಇಲಾಖೆಯವರಲ್ಲ, ವಿಮಾನದ ಇಂಜಿನಿಯರಿಂಗ್ ಪ್ರೊಫೆಸರು. ರೊದ್ದಂ ನರಸಿಂಹ. 1933ರಲ್ಲಿ ಹುಟ್ಟಿದ್ದು, ತಂದೆ ಆರ್.ಎಲ್. ನರಸಿಂಹಯ್ಯ ಸೆಂಟ್ರಲ್ ಕಾಲೇಜಲ್ಲಿ ಫಿಸಿಕ್ಸ್ ಮೇಷ್ಟ್ರು, ಕನ್ನಡದಲ್ಲಿ ವಿಜ್ಞಾನ ಬರೆದ ಮೊದಮೊದಲ ತಲೆಮಾರಿನವರು. ಮಗ ಈಗ ಯುವಿಸಿಇ ಅಂತೀವಲ್ಲ, ಕೆ.ಆರ್. ಸರ್ಕಲ್ ಹತ್ರ ಇರೋದು, ಅಲ್ಲಿ ಮೆಕ್ಯಾನಿಕಲ್ ಓದಿ, ಟಾಟಾ ಇನ್‌ಸ್ಟಿಟ್ಯೂಟಲ್ಲಿ, ಅಂದ್ರೆ ಐಐಎಸ್‌ಸಿಯಲ್ಲಿ, ಸತೀಶ್ ಧವನ್ ಶಿಷ್ಯರಾಗಿ, ಆಮೇಲೆ ಅಮೆರಿಕದ ಕ್ಯಾಲ್‌ಟೆಕ್‌ನಲ್ಲಿ 1961ಕ್ಕೆ ಪಿಎಚ್‌ಡಿ ಮುಗಿಸಿ, ಮಾರನೇ ವರ್ಷಾನೇ ವಾಪಸ್ ಬಂದು ಐಐಎಸ್‌ಸಿ ಸೇರ್ಕೊಂಡ್ರು. 1984ರಿಂದ 93ರವರೆಗೆ ವಿಮಾನ ಸಂಶೋಧನೆಯ ಎನ್‌ಎಎಲ್ ಡೈರೆಕ್ಟರ್, ಆಮೇಲೆ ಜಕ್ಕೂರಿನ ಸಂಶೋಧನಾ ಸಂಸ್ಥೆ ಜೆಎನ್‌ಸಿಎಎಸ್‌ಆರ್, 2013ರಲ್ಲಿ ಪದ್ಮ ವಿಭೂಷಣ, 2020ರ ಡಿಸೆಂಬರ್‌ನಲ್ಲಿ ತೀರ್ಕೊಂಡ್ರು. ಪೇಪರ್‌ನಲ್ಲಿ ಬರೋವಾಗ ತೇಜಸ್, ಇಸ್ರೋ, ಪದ್ಮ ಪ್ರಶಸ್ತಿ ಇಷ್ಟೇ ಬರತ್ತೆ. ಅವರ ತಲೆ ಪೂರ್ತಿ ತುಂಬಿದ್ದ ವಿಷಯ ಮಾತ್ರ ಒಂದೇ, ಟರ್ಬ್ಯುಲೆನ್ಸ್.

ಟರ್ಬ್ಯುಲೆನ್ಸ್ ಅಂದ್ರೆ ನಮಗೆ ಫ್ಲೈಟಲ್ಲಿ ಸೀಟ್ ಬೆಲ್ಟ್ ಹಾಕ್ಕೊಳ್ಳಿ ಅಂತಾರಲ್ಲ ಅದು ನೆನಪಾಗತ್ತೆ. ಅದು ಒಂದು ಮುಖ ಅಷ್ಟೆ. ದೇವರ ಮುಂದೆ ಹಚ್ಚಿದ ಊದುಬತ್ತಿ ನೋಡಿ, ಫ್ಯಾನ್ ಆಫ್ ಮಾಡಿ ನೋಡಿ. ಹೊಗೆ ಮೊದಲು ದಾರ ಬಿಟ್ಟ ಹಾಗೆ ನೆಟ್ಟಗೆ ಏಳತ್ತೆ, ಒಂದು ಗೇಣೋ ಎರಡು ಗೇಣೋ ಹೋದ ಮೇಲೆ ಇದ್ದಕ್ಕಿದ್ದ ಹಾಗೆ ನುಲಿದು, ಸುರುಳಿ ಸುತ್ತಿ, ಚೆಲ್ಲಾಪಿಲ್ಲಿ. ಕೆಳಗಿನದ್ದು ಶಾಂತ ಹರಿವು, ಮೇಲಿನದ್ದು ಟರ್ಬ್ಯುಲೆಂಟ್. 1883ರಲ್ಲಿ ಮ್ಯಾಂಚೆಸ್ಟರ್‌ನ ಆಸ್ಬರ್ನ್ ರೆನಾಲ್ಡ್ಸ್ ಗಾಜಿನ ಕೊಳವೆಯಲ್ಲಿ ನೀರು ಬಿಟ್ಟು, ಮಧ್ಯದಲ್ಲಿ ಬಣ್ಣದ ಎಳೆ ಒಂದನ್ನ ಹರಿಸಿ ಇದನ್ನೇ ತೋರಿಸಿದ್ದು. ವೇಗವನ್ನ ಅಗಲದಿಂದ ಗುಣಿಸಿ, ದ್ರವದ ಜಿಗುಟಿನಿಂದ ಭಾಗಿಸಿದ್ರೆ ಒಂದು ಸಂಖ್ಯೆ ಸಿಗತ್ತೆ, ಅದಕ್ಕೆ ಈಗ ರೆನಾಲ್ಡ್ಸ್ ಸಂಖ್ಯೆ ಅಂತಾನೇ ಹೆಸರು. ಕೊಳವೆಯಲ್ಲಿ ಅದು ಸುಮಾರು 2000 ದಾಟಿದ್ರೆ ಶಾಂತಿ ಕೆಡೋ ಲಕ್ಷಣ. ಜೇನುತುಪ್ಪ ಜಿಗುಟು ಜಾಸ್ತಿ, ಹಾಗಾಗಿ ಎಷ್ಟು ಸುರಿದ್ರೂ ಸಾಧು. ಗಾಳಿ ಜಿಗುಟು ತುಂಬಾ ಕಮ್ಮಿ, ಸ್ವಲ್ಪಕ್ಕೇ ರೇಗತ್ತೆ.

ಈಗ ಆಕಾಶಕ್ಕೆ ಇದೇ ಲೆಕ್ಕ ಹಾಕಿ. ಸೆಕೆಂಡಿಗೆ 5 ಮೀಟರ್ ಗಾಳಿ, ಎತ್ತರ 1 ಕಿಲೋಮೀಟರ್ ಅಂತ ಇಟ್ಕೊಂಡ್ರೆ ರೆನಾಲ್ಡ್ಸ್ ಸಂಖ್ಯೆ 33 ಕೋಟಿ ಬರತ್ತೆ. 2000 ಎಲ್ಲಿ, 33 ಕೋಟಿ ಎಲ್ಲಿ! ಅಂದ್ರೆ ನಮ್ಮ ತಲೆ ಮೇಲಿರೋ ಗಾಳಿ ಹಗಲು ಹೊತ್ತಲ್ಲಿ ಯಾವಾಗ್ಲೂ ಟರ್ಬ್ಯುಲೆಂಟೇ, ಎಲೆ ಅಲ್ಲಾಡದ ಮಧ್ಯಾಹ್ನದಲ್ಲೂ. ಅದರೊಳಗೆ ಕಿಲೋಮೀಟರ್ ಅಗಲದ ಸುಳಿ ಇರತ್ತೆ, ಅದು ಒಡೆದು ನೂರು ಮೀಟರಿನ ಸುಳಿ, ಅದು ಒಡೆದು ಇನ್ನೂ ಚಿಕ್ಕದು, ಹೀಗೇ ಒಡೀತಾ ಒಡೀತಾ ಮಿಲಿಮೀಟರಿಗೆ ಬಂದಾಗ ಮಾತ್ರ ಗಾಳಿಯ ಜಿಗುಟು ಅದನ್ನ ಹಿಡಿದು ತಿಕ್ಕಿ ಶಾಖ ಮಾಡಿ ಮುಗಿಸತ್ತೆ. ಇದರ ಲೆಕ್ಕವನ್ನ 1941ರಲ್ಲಿ ರಷ್ಯಾದ ಕೊಲ್ಮೊಗೊರೊವ್ ಬರೆದಿಟ್ಟಿದಾರೆ.

ಸಮೀಕರಣ ಗೊತ್ತಿದೆಯಲ್ಲ, ಕಂಪ್ಯೂಟರಿಗೆ ಹಾಕಿ ಬಿಡಿಸಿದ್ರಾಯ್ತು ಅನ್ಸತ್ತೆ. ಸಮೀಕರಣ ಗೊತ್ತಿದೆ ನಿಜ, ನೇವಿಯರ್ ಮತ್ತೆ ಸ್ಟೋಕ್ಸ್ ಇಬ್ಬರೂ 19ನೇ ಶತಮಾನದಲ್ಲೇ ಕೊಟ್ಟಿದ್ದು. ಆದ್ರೆ ಒಂದು ಘನ ಕಿಲೋಮೀಟರ್ ಗಾಳಿಯನ್ನ ಮಿಲಿಮೀಟರ್ ಮಿಲಿಮೀಟರ್ ಚೌಕ ಹಾಕಿ ಲೆಕ್ಕ ಮಾಡೋಕೆ ಹೋದ್ರೆ 1ರ ಮುಂದೆ 18 ಸೊನ್ನೆ ಹಾಕಿದಷ್ಟು ಬಿಂದು ಆಗತ್ತೆ. ಐಐಎಸ್‌ಸಿಯಲ್ಲಿ 2022ರಲ್ಲಿ ಬಂದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರ್ 3.3 ಪೆಟಾಫ್ಲಾಪ್, ಅಂದ್ರೆ ಸೆಕೆಂಡಿಗೆ 3300 ಲಕ್ಷ ಕೋಟಿ ಲೆಕ್ಕ. ಒಂದೊಂದು ಬಿಂದುವಿಗೆ ಸಾವಿರ ಲೆಕ್ಕ ಅಂದ್ಕೊಂಡ್ರೂ ಒಂದೇ ಒಂದು ಹೆಜ್ಜೆಗೆ ಮೂರೂವರೆ ದಿನ ಬೇಕು, ಹೆಜ್ಜೆ ಅಂದ್ರೆ ಸೆಕೆಂಡಿನ ಸಾವಿರದ ಒಂದು ಭಾಗ. ಒಂದು ನಿಮಿಷದ ಮೋಡ ನೋಡೋಕೆ ಐನೂರು ವರ್ಷದ ಮೇಲೆ ಆಗತ್ತೆ. ಮಳೆ ಯಾವಾಗ ಬಂದು ಯಾವಾಗ ಹೋಗಿರತ್ತೋ ಬಿಡಿ. ಇದು ನಾನು ಪೇಪರಿನ ಹಿಂದೆ ಹಾಕಿದ ಅಂದಾಜು, ಸಾವಿರದ ಬದಲು ನೂರು ಅಂದ್ರೂ ಕಥೆ ಬದಲಾಗಲ್ಲ.

ಹಾಗಾಗಿ ಬೇರೆ ದಾರಿ ಹುಡುಕಬೇಕು. ನರಸಿಂಹ ಅವರ ದಾರಿ ಅವರು ಸ್ಟೂಡೆಂಟ್ ಆಗಿದ್ದಾಗಲೇ ಕಾಣತ್ತೆ. ವಿಮಾನದ ರೆಕ್ಕೆ ಮೇಲೆ ಅಂಟ್ಕೊಂಡ ಹಾಗೆ ಹರಿಯೋ ತೆಳು ಗಾಳಿ ಪದರ ಶಾಂತವಾಗಿದ್ದದ್ದು ಟರ್ಬ್ಯುಲೆಂಟ್ ಹೇಗೆ ಆಗತ್ತೆ ಅನ್ನೋದು ಆಗಿನ ಪ್ರಶ್ನೆ. ಮೊದಲ ಮಳೆ ಹನಿ ಸಿಮೆಂಟ್ ಅಂಗಳಕ್ಕೆ ಬೀಳೋದು ನೋಡಿದೀರಲ್ಲ, ಅಲ್ಲೊಂದು ಇಲ್ಲೊಂದು ಒದ್ದೆ ಚುಕ್ಕೆ, ಚುಕ್ಕೆ ದೊಡ್ಡದಾಗಿ ಒಂದಕ್ಕೊಂದು ಸೇರಿ ಕೊನೆಗೆ ಪೂರ್ತಿ ಒದ್ದೆ. ರೆಕ್ಕೆ ಮೇಲೂ ಹಾಗೇ, ಟರ್ಬ್ಯುಲೆನ್ಸ್ ಚುಕ್ಕೆ ಚುಕ್ಕೆಯಾಗಿ ಹುಟ್ಟತ್ತೆ. ಈ ಚುಕ್ಕೆಗಳು ಎಲ್ಲೆಲ್ಲೋ ಹುಟ್ಟಲ್ಲ, ಒಂದು ಕಿರಿದಾದ ಪಟ್ಟಿಯಲ್ಲೇ ಹುಟ್ಟತ್ತೆ ಅಂತ ಅಂದ್ಕೊಂಡ್ರೆ ಅಳತೆಗೆ ಲೆಕ್ಕ ಕೂಡಿಬರತ್ತೆ ಅಂತ 1957ರಲ್ಲಿ ತೋರಿಸಿದ್ರು, 24 ವರ್ಷದ ಹುಡುಗ. ಆಮೇಲೆ ಅದರ ಉಲ್ಟಾ ಹಿಡ್ಕೊಂಡ್ರು, ಅಂದ್ರೆ ರೇಗಿರೋ ಹರಿವು ತಣ್ಣಗಾಗಿ ಮತ್ತೆ ಶಾಂತ ಆಗೋದು. ಅದರಲ್ಲಿ ಜೊತೆಗಿದ್ದವರು ಕೆ.ಆರ್. ಶ್ರೀನಿವಾಸನ್, ಅವರೂ ಯುವಿಸಿಇ ಅವರೇ, ಮುಂದೆ ಯೇಲ್, ಇಟಲಿಯ ಭೌತವಿಜ್ಞಾನ ಸಂಸ್ಥೆ ಐಸಿಟಿಪಿ, ನ್ಯೂಯಾರ್ಕ್ ಅಂತ ಹೋದ್ರು.

ಇದನ್ನೆಲ್ಲ ಯಾಕೆ ಹೇಳ್ದೆ ಅಂದ್ರೆ, ಈ ಮನುಷ್ಯನಿಗೆ ಟರ್ಬ್ಯುಲೆನ್ಸ್ ಅಂದ್ರೆ ಒಂದೇ ಸಮ ಕಲಸಿದ ಹಿಟ್ಟಲ್ಲ. ಎಲ್ಲಿ ಶುರು, ಎಲ್ಲಿ ಮುಗಿಯತ್ತೆ, ಅಂಚಲ್ಲಿ ಏನಾಗತ್ತೆ, ಕಣ್ಣು ಅಲ್ಲೇ. ಮೋಡದ ವಿಷಯದಲ್ಲೂ ಅವರು ನೋಡಿದ್ದು ಅಂಚನ್ನೇ.

ಸರಿ, ಈಗ ಹೊಗೆಗೆ ಬರೋಣ. ಹೊಗೆ ಯಾಕೆ ಅಗಲ ಆಗತ್ತೆ? ಏರೋ ಗಾಳಿ ಕಂಬದ ಅಂಚಲ್ಲಿ ದೊಡ್ಡ ದೊಡ್ಡ ಸುಳಿ ಇರತ್ತೆ, ಅವು ಬಾಯಿ ತೆರ್ಕೊಂಡು ಪಕ್ಕದ ತಣ್ಣನೆ ಗಾಳೀನ ಗುಳುಂ ಅಂತ ಒಳಕ್ಕೆ ಎಳ್ಕೊಳ್ತವೆ, ಎಳ್ಕೊಂಡಿದ್ದನ್ನ ಒಳಗೆ ಚಿಕ್ಕ ಸುಳಿಗಳು ಕಡೆದು ಬೆರೆಸ್ತವೆ. ಮೇಲೆ ಹೋದ ಹಾಗೆಲ್ಲ ನುಂಗಿದ್ದು ಜಾಸ್ತಿ, ಹಾಗಾಗಿ ಅಗಲ ಜಾಸ್ತಿ, ಬಿಸಿ ಕಮ್ಮಿ. ಮಜ್ಜಿಗೆಗೆ ನೀರು ಸೇರಿಸ್ತಾ ಹೋದ ಹಾಗೆ. 1956ರಲ್ಲಿ ಮಾರ್ಟನ್, ಟೇಲರ್, ಟರ್ನರ್ ಮೂವರು ಸೇರಿ ಇದಕ್ಕೆ ತುಂಬಾ ಸಿಂಪಲ್ ನಿಯಮ ಕೊಟ್ರು: ಪಕ್ಕದಿಂದ ಒಳಗೆ ನುಗ್ಗೋ ವೇಗ, ಮಧ್ಯದಲ್ಲಿ ಮೇಲೇರೋ ವೇಗದ ಒಂದು ಸ್ಥಿರ ಭಾಗ, ಹೆಚ್ಚುಕಮ್ಮಿ ಹತ್ತರಲ್ಲಿ ಒಂದು. ಫ್ಯಾಕ್ಟರಿ ಚಿಮಣಿ ಹೊಗೆಗೆ, ನದಿಗೆ ಬಿಟ್ಟ ಬಿಸಿ ನೀರಿಗೆ, ಜ್ವಾಲಾಮುಖಿಗೂ ಈ ನಿಯಮ ಕೆಲಸ ಮಾಡತ್ತೆ.

ಮೋಡಕ್ಕೂ ಅದನ್ನೇ ಹಾಕಿದ್ರು, ಅಲ್ಲೇ ತೊಂದರೆ ಶುರುವಾಗಿದ್ದು. ಈ ನಿಯಮದ ಪ್ರಕಾರ ಹೋದ್ರೆ ಒಂದೆರಡು ಕಿಲೋಮೀಟರ್ ಅಗಲದ ಮೋಡ ನಾಲ್ಕೈದು ಕಿಲೋಮೀಟರ್ ಹತ್ತೋಷ್ಟರಲ್ಲಿ ತನ್ನಷ್ಟೇ ಹೊರಗಿನ ಒಣ ಗಾಳಿ ನುಂಗಿ ನೀರುನೀರಾಗಿ ಸುಸ್ತಾಗಬೇಕು. ಆದ್ರೆ ನಮ್ಮ ಉಷ್ಣವಲಯದ ಗುಡುಗಿನ ಮೋಡ 15 ಕಿಲೋಮೀಟರ್‌ವರೆಗೂ ಹೋಗತ್ತೆ. 1958ರಲ್ಲೇ ಹರ್ಬರ್ಟ್ ರೀಲ್ ಮತ್ತು ಜೋನ್ ಮಾಲ್ಕಸ್ ಲೆಕ್ಕ ಹಾಕಿ, ಸಮುದ್ರದ ಮೇಲಿನ ಬಿಸಿ ಗಾಳಿ ಅಷ್ಟು ಮೇಲೆ ತಲುಪಬೇಕಾದ್ರೆ ಸುತ್ತಲಿನ ಗಾಳಿ ಬೆರೆಯದೆ ನೆಟ್ಟಗೆ ಹೋಗೋ ಬಿಸಿ ಗೋಪುರಗಳು ಇರಲೇಬೇಕು ಅಂದಿದ್ರು. ಬೆರೆಯದೆ ಹೋಗೋದು ಹೇಗೆ ಅನ್ನೋದು ಮಾತ್ರ ಬಗೆಹರೀಲಿಲ್ಲ.

ಹೊಗೆಗೂ ಮೋಡಕ್ಕೂ ಒಂದೇ ಒಂದು ವ್ಯತ್ಯಾಸ. ಹೊಗೆಗೆ ಬಿಸಿ ಸಿಗೋದು ಬುಡದಲ್ಲಿ, ಬೆಂಕಿ ಹತ್ರ, ಅಲ್ಲಿಂದ ಮುಂದೆ ಇರೋದನ್ನ ಖರ್ಚು ಮಾಡ್ಕೊಂಡು ಹೋಗೋದೇ. ಮೋಡ ಹಾಗಲ್ಲ, ದಾರಿಯಲ್ಲಿ ಸಂಬಳ ಸಿಗತ್ತೆ. ನೆಲದ ಬಿಸಿಗೆ ಎದ್ದ ತೇವದ ಗಾಳಿ ಮೇಲೆ ಹೋದ ಹಾಗೆ ಕಿಲೋಮೀಟರಿಗೆ ಸುಮಾರು 10 ಡಿಗ್ರಿ ತಣ್ಣಗಾಗ್ತಾ ಹೋಗಿ, ಒಂದು ಮಟ್ಟದಲ್ಲಿ ಆವಿ ಹನಿಯಾಗೋಕೆ ಶುರು ಮಾಡತ್ತೆ. ಆ ಮಟ್ಟ ಲೆಕ್ಕ ಹಾಕೋದು ಸುಲಭ, ಉಷ್ಣತೆಗೂ ಇಬ್ಬನಿ ಬಿಂದುವಿಗೂ (ಎಷ್ಟು ಡಿಗ್ರಿಗೆ ತಣ್ಣಗಾದ್ರೆ ಗಾಳಿಯ ಆವಿ ಹನಿಯಾಗತ್ತೋ ಅದು) ಇರೋ ವ್ಯತ್ಯಾಸವನ್ನ 125ರಿಂದ ಗುಣಿಸಿದ್ರೆ ಮೀಟರಲ್ಲಿ ಎತ್ತರ ಬರತ್ತೆ. ಮೊಬೈಲ್ ವೆದರ್ ಆ್ಯಪಲ್ಲಿ ಎರಡೂ ಇರತ್ತೆ. 34 ಡಿಗ್ರಿ ಬಿಸಿಲು, ಇಬ್ಬನಿ ಬಿಂದು 18 ಅಂದ್ರೆ 2000 ಮೀಟರ್. ಟೆರೇಸ್ ಮೇಲಿಂದ ಕಂಡ ಸ್ಕೇಲ್ ಗೆರೆ ಇದೇ. ಗೆರೆ ಕೆಳಗೂ ಗಾಳಿ ಕಂಬ ಇದೆ, ನಮಗೆ ಕಾಣಲ್ಲ ಅಷ್ಟೆ, ಅದು ಮಾಮೂಲಿ ಹೊಗೆ ಥರದ್ದು. ಗೆರೆ ದಾಟಿದ ಕ್ಷಣದಿಂದ ಆವಿ ಹನಿಯಾಗ್ತಾ ತನ್ನೊಳಗೆ ಇಟ್ಕೊಂಡಿದ್ದ ಶಾಖಾನ ಬಿಡೋಕೆ ಶುರು ಮಾಡತ್ತೆ.

ಎಷ್ಟು ಶಾಖ ಅಂತೀರಾ? ಒಂದು ಕೆಜಿ ಆವಿ ಹನಿಯಾದ್ರೆ 25 ಲಕ್ಷ ಜೂಲ್. ಉದ್ದ ಅಗಲ ಎತ್ತರ ಎಲ್ಲ ಒಂದೊಂದು ಕಿಲೋಮೀಟರ್ ಇರೋ ಸಣ್ಣ ಹತ್ತಿ ಮೋಡ, ಘನ ಮೀಟರಿಗೆ ಬರೀ ಅರ್ಧ ಗ್ರಾಂ ನೀರು ಅಂದ್ರೂ ಒಟ್ಟು 500 ಟನ್ ನೀರು, ಅದು ಹನಿಯಾಗೋವಾಗ ಬಿಟ್ಟ ಶಾಖ ಸುಮಾರು ಮೂರೂವರೆ ಲಕ್ಷ ಯೂನಿಟ್ ಕರೆಂಟಿಗೆ ಸಮ. ಮಳೆ ಕೂಡ ಸುರಿಸದ, ಮಕ್ಕಳು ಡ್ರಾಯಿಂಗಲ್ಲಿ ಬಿಡಿಸೋ ಮೋಡದ ಕಥೆ ಇದು.

ನರಸಿಂಹ ಮತ್ತೆ ಐಐಎಸ್‌ಸಿಯ ಜಿ.ಎಸ್. ಭಟ್ ಮುಂತಾದವರು ಕೇಳಿದ್ದು ಇಷ್ಟೇ: ಹೊಗೆ ಕಂಬಕ್ಕೆ ಅರ್ಧ ದಾರಿಯಲ್ಲಿ, ಒಳಗಡೆಯಿಂದಾನೇ ಬಿಸಿ ಕೊಟ್ರೆ ಅದರ ಸುಳಿಗಳು ಏನಾಗ್ತವೆ? ಕೇಳೋಕೆ ಸುಲಭ, ಮಾಡೋಕೆ ಪೀಕಲಾಟ. ಹರೀತಾ ಇರೋ ನೀರಿನ ಮಧ್ಯದಲ್ಲಿ ಹೀಟರ್ ಕಾಯಿಲ್ ಇಟ್ರೆ ಕಾಯಿಲೇ ಹರಿವನ್ನ ಕೆಡಸತ್ತೆ, ಮೇಲಾಗಿ ಕಾಯಿಲ್ ಸುತ್ತ ಮಾತ್ರ ಬಿಸಿ. ಬೇಕಾಗಿದ್ದು ಏರೋ ನೀರು ಮಾತ್ರ, ತನ್ನ ಮೈಯೆಲ್ಲಾ ಒಟ್ಟಿಗೆ ಬಿಸಿಯಾಗಬೇಕು, ಪಕ್ಕದ ನೀರು ತಣ್ಣಗೇ ಇರಬೇಕು.

ಅವರು ಹುಡುಕಿದ ಉಪಾಯ ನನಗಂತೂ ಈ ಇಡೀ ಕಥೆಯಲ್ಲೇ ಅತೀ ಇಷ್ಟದ ಭಾಗ. ತೊಟ್ಟಿ ತುಂಬಾ ಕರೆಂಟ್ ಹೊತ್ತೊಯ್ಯೋ ಅಯಾನು ಕಣಗಳನ್ನ ತೆಗೆದ ಶುದ್ಧ ನೀರು, ಅದರಲ್ಲಿ ಕರೆಂಟ್ ಸರಿಯಾಗಿ ಹರಿಯಲ್ಲ. ತಳದಲ್ಲಿ ಒಂದು ಸಣ್ಣ ತೂತು, ಅದರಿಂದ ಚಿಮ್ಮಿಸೋ ನೀರಿಗೆ ಚೂರು ಆಸಿಡ್ ಸೇರಿಸಿರ್ತಾರೆ, ಹಾಗಾಗಿ ಆ ನೀರಲ್ಲಿ ಮಾತ್ರ ಕರೆಂಟ್ ಹರಿಯತ್ತೆ. ಸ್ವಲ್ಪ ಎತ್ತರದಲ್ಲಿ ಒಂದರ ಮೇಲೊಂದು ತೆಳ್ಳನೆ ತಂತಿ ಜಾಲರಿಗಳು, ಹರಿವಿಗೆ ಅಡ್ಡ ಬಾರದಷ್ಟು ತೆಳು. ಜಾಲರಿಗಳ ಮಧ್ಯೆ ಎಸಿ ಕರೆಂಟ್ ಕೊಟ್ರೆ ಆಸಿಡ್ ಇರೋ ನೀರು ಮಾತ್ರ ಒಳಗಿಂದ ಬಿಸಿಯಾಗತ್ತೆ, ಗೀಸರ್ ಇಲ್ಲದ ಹಾಸ್ಟೆಲಲ್ಲಿ ಬಕೆಟಿಗೆ ಎರಡು ಬ್ಲೇಡ್ ಇಳಿಬಿಟ್ಟು ನೀರು ಕಾಯಿಸ್ತಿದ್ರಲ್ಲ, ಅದೇ ತತ್ವ, ದಯವಿಟ್ಟು ಯಾರೂ ಟ್ರೈ ಮಾಡ್ಬೇಡಿ. ಡಿಸಿ ಕೊಟ್ರೆ ನೀರು ಒಡೆದು ಗುಳ್ಳೆ ಏಳತ್ತೆ, ಅದಕ್ಕೆ ವೇಗವಾಗಿ ದಿಕ್ಕು ಬದಲಾಯಿಸೋ ಎಸಿ. ಇನ್ನೂ ಮಜಾ ಏನು ಗೊತ್ತಾ, ಪಕ್ಕದ ಶುದ್ಧ ನೀರು ಎಷ್ಟು ಬೆರೆಯತ್ತೋ ಅಷ್ಟು ಆಸಿಡ್ ತೆಳುವಾಗಿ ಆ ಜಾಗಕ್ಕೆ ಬಿಸಿ ಕಮ್ಮಿ ಸಿಗತ್ತೆ. ಮೋಡದಲ್ಲೂ ಹಾಗೇ ಅಲ್ವಾ, ಒಣ ಗಾಳಿ ಬೆರೆತಲ್ಲಿ ಹನಿ ಕಟ್ಟೋದು ಕಮ್ಮಿ, ಶಾಖ ಬಿಡೋದೂ ಕಮ್ಮಿ. ಇಷ್ಟಾದ ಮೇಲೆ ನೀರಿಗೆ ಹೊಳೆಯೋ ಬಣ್ಣ ಹಾಕಿ, ಹಾಳೆ ಥರ ತೆಳ್ಳಗೆ ಹರಡಿದ ಲೇಸರ್ ಬೆಳಕು ಹಾಯಿಸಿ, ಮೋಡವನ್ನ ಚಾಕುವಲ್ಲಿ ಕತ್ತರಿಸಿದ ಹಾಗೆ ಅಡ್ಡ ಕೊಯ್ದು ಫೋಟೋ ತೆಗೆಯೋದು.

ಬಿಸಿ ಆಫ್ ಇದ್ದಾಗ ಚಿಮ್ಮಿದ ನೀರು ನಿಯಮದ ಪ್ರಕಾರ ಶಂಕುವಿನಂತೆ ಹರಡ್ತು, ಅಂಚಲ್ಲಿ ದೊಡ್ಡ ಸುಳಿಗಳು, ನಡುನಡುವೆ ಬಣ್ಣವಿಲ್ಲದ ನೀರಿನ ಆಳವಾದ ಕೊರಕಲು, ಅಂದ್ರೆ ಗುಳುಂ ಅಂತ ನುಂಗ್ತಾ ಇರೋ ಬಾಯಿಗಳು. ಸ್ವಿಚ್ ಹಾಕಿದ ಮೇಲೆ, ಬಿಸಿ ಸಿಗೋ ಜಾಗದಿಂದ ಮೇಲಕ್ಕೆ ಹರಡೋದು ಕಮ್ಮಿಯಾಯ್ತು, ನೀರು ಕಂಬದ ಥರ ನೆಟ್ಟಗೆ, ಮೊದಲಿಗಿಂತ ಜೋರಾಗಿ ಹೋಗ್ತು, ಕೊರಕಲುಗಳು ಮುಚ್ಕೊಂಡು ಒಳಗೆ ಬಣ್ಣ ದಟ್ಟವಾಗೇ ಉಳೀತು. 1996ರಲ್ಲಿ ಭಟ್ ಮತ್ತು ನರಸಿಂಹ ಇದನ್ನ ವಿವರವಾಗಿ ಅಚ್ಚು ಹಾಕಿಸಿದ್ರು. ಅಂದ್ರೆ ಬಿಸಿ ಅನ್ನೋದು ಬರೀ ಮೇಲೆ ತಳ್ಳೋ ಕೆಲಸ ಅಲ್ಲ ಮಾಡೋದು, ನುಂಗೋ ದೊಡ್ಡ ಸುಳಿಗಳನ್ನೇ ಚೂರು ಚೂರು ಮಾಡತ್ತೆ. ಬಿಸಿಯಾಗಿರೋ ತುಣುಕು ಪಕ್ಕದ ತಣ್ಣನೆ ತುಣುಕಿಗಿಂತ ಜೋರಾಗಿ ಏಳೋದ್ರಿಂದ ಎಲ್ಲಾ ಕಡೆ ಹೊಸ ಚಿಕ್ಕ ಸುಳಿಗಳು ಹುಟ್ಟಿ ದೊಡ್ಡವರ ಕಟ್ಟು ಕೆಡಿಸ್ತವೆ. ದೊಡ್ಡ ಬಾಯಿ ಹೋಯ್ತು, ಉಳಿದಿದ್ದು ಚಿಕ್ಕ ಚಿಕ್ಕ ಹಲ್ಲು. ನುಂಗೋದು ನಿಂತು ಕಚ್ಚೋದು ಮಾತ್ರ ಉಳೀತು ಅನ್ನಿ.

2011ರಲ್ಲಿ ಅಮೆರಿಕದ ನ್ಯಾಷನಲ್ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ನರಸಿಂಹ ಗುಂಪಿನ ಲೇಖನ ಇನ್ನೊಂದು ಹೆಜ್ಜೆ ಮುಂದೆ. ಎಷ್ಟು ಹೊತ್ತು, ಎಷ್ಟು ಎತ್ತರದವರೆಗೆ, ಎಷ್ಟು ಬಿಸಿ ಅನ್ನೋದನ್ನ ಬದಲಾಯಿಸ್ತಾ ಹೋದ್ರೆ ತೊಟ್ಟಿಯೊಳಗೆ ಬೇರೆ ಬೇರೆ ಜಾತಿಯ ಮೋಡದ ಆಕಾರ ಬಂತು, ಎತ್ತರದ ಹೂಕೋಸು, ಕುಳ್ಳ ಹತ್ತಿ ಉಂಡೆ, ಹರಿದ ಚಿಂದಿ. ನಿಜವಾದ ಮೋಡದ ಫೋಟೋ ಪಕ್ಕ ತೊಟ್ಟಿ ಫೋಟೋ ಇಟ್ರೆ ಯಾವುದು ಯಾವುದು ಅಂತ ಒಂದು ಕ್ಷಣ ಅನುಮಾನ ಬರತ್ತೆ.

ಇಲ್ಲಿ ಯಾರಾದ್ರೂ ಕೇಳಬಹುದು, ಕೇಳ್ಬೇಕು ಕೂಡ: ಸ್ವಾಮಿ, ತೊಟ್ಟಿಯಲ್ಲಿ ರೆನಾಲ್ಡ್ಸ್ ಸಂಖ್ಯೆ ಸಾವಿರಗಳ ಲೆಕ್ಕ, ಆಕಾಶದಲ್ಲಿ ಕೋಟಿಗಳ ಲೆಕ್ಕ, ಹೋಲಿಸೋದು ನ್ಯಾಯವಾ? ಉತ್ತರ ಅರ್ಧ ಹೌದು. ಒಮ್ಮೆ ಪೂರ್ತಿ ಟರ್ಬ್ಯುಲೆಂಟ್ ಆದ ಮೇಲೆ ದೊಡ್ಡ ಸುಳಿಗಳ ಆಕಾರ, ಹರಡೋ ಕೋನ ಇವೆಲ್ಲ ಆ ಸಂಖ್ಯೆ ಜಾಸ್ತಿಯಾದ್ರೂ ಹೆಚ್ಚು ಬದಲಾಗಲ್ಲ, ಬದಲಾಗೋದು ಅತಿ ಚಿಕ್ಕ ಸುಳಿ ಎಷ್ಟು ಚಿಕ್ಕದು ಅನ್ನೋದು. ಅದಕ್ಕೇ ಅವರು ಸರಿಹೊಂದಿಸಿದ್ದು ಬೇರೆ ಸಂಖ್ಯೆಯನ್ನ, ಹರಿವಿನ ಜೋರಿಗೆ ಹೋಲಿಸಿದ್ರೆ ಒಳಗೆ ಬಿಡುಗಡೆಯಾಗೋ ಶಾಖ ಎಷ್ಟು ಅನ್ನೋದನ್ನ. ಇನ್ನರ್ಧ ಇಲ್ಲ. ತೊಟ್ಟಿಯಲ್ಲಿ ಹನಿ ಇಲ್ಲ. ನಿಜವಾದ ಮೋಡದ ಅಂಚಲ್ಲಿ ಒಣ ಗಾಳಿ ತಾಗಿ ಹನಿ ಮತ್ತೆ ಆವಿಯಾಗತ್ತೆ, ಆ ಜಾಗ ತಣ್ಣಗಾಗಿ ಕೆಳಗೆ ಜಾರತ್ತೆ, ಮಳೆಗೆ ಮುಂಚೆ ಒಂದು ತಂಪು ಗಾಳಿ ಬೀಸತ್ತಲ್ಲ ಅದರ ಹಿಂದೆ ಇರೋದೂ ಈ ಆವಿಯಾಗೋ ತಂಪೇ. ತಂತಿ ಜಾಲರಿ ಬಿಸಿ ಮಾಡಬಲ್ಲದು, ತಂಪು ಮಾಡೋಕಾಗಲ್ಲ.

ಅಷ್ಟಾದ್ರೂ ಈ ಕೆಲಸ ಯಾಕೆ ಮುಖ್ಯ ಅಂದ್ರೆ, ಮುಂಗಾರಿನ ಮುನ್ಸೂಚನೆ ಕೊಡೋ ಕಂಪ್ಯೂಟರ್ ಮಾಡಲ್‌ಗಳಿಗೆ ಮೋಡ ಕಾಣೋದೇ ಇಲ್ಲ. 2025ರಲ್ಲಿ ಶುರುವಾದ ನಮ್ಮ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್‌ನ ಚೌಕ 6 ಕಿಲೋಮೀಟರ್, ಅದಕ್ಕೂ ಮುಂಚೆ 12 ಇತ್ತು. ನಾನು ಟೆರೇಸಿಂದ ನೋಡಿದ ಮೋಡ ಒಂದು ಚೌಕದ ಮೂಲೆಯಲ್ಲಿ ಕೂರತ್ತೆ. ಹಾಗಾಗಿ ಚೌಕದೊಳಗೆ ಇಷ್ಟು ಮೋಡ ಇರಬಹುದು, ಅವು ಇಷ್ಟು ಹೊರಗಿನ ಗಾಳಿ ನುಂಗಬಹುದು ಅಂತ ಒಂದು ಸಂಖ್ಯೆ ಕೊಟ್ಟು ಬಿಡ್ತಾರೆ. ಆ ನುಂಗೋ ಸಂಖ್ಯೆ ಸ್ವಲ್ಪ ಆಚೀಚೆ ಆದ್ರೆ ಮಳೆ ಬೀಳೋ ಜಾಗ, ಮೋಡದ ಎತ್ತರ ಎಲ್ಲಾ ಆಚೀಚೆ. ನೆಲದಿಂದ ತುದಿವರೆಗೂ ಒಂದೇ ಸಂಖ್ಯೆ ಅನ್ನೋದು ತಪ್ಪು ಅಂತ ತೊಟ್ಟಿ ತೋರಿಸಿಯಾಯ್ತು, ಶಾಖ ಬಿಡುಗಡೆ ಎಲ್ಲಿ ಅನ್ನೋದರ ಮೇಲೆ ಅದು ಬದಲಾಗಬೇಕು.

ಮೋಡದ ಕೆಳಗಿನ ಗಾಳೀನೂ ಅವರು ಬಿಟ್ಟಿಲ್ಲ. 1990ರ ಮುಂಗಾರಲ್ಲಿ ಮಾಂಟ್‌ಬ್ಲೆಕ್ಸ್ ಅಂತ ದೊಡ್ಡ ಪ್ರಯೋಗ ನಡೀತು, ಜೋಧಪುರ, ದೆಹಲಿ, ವಾರಣಾಸಿ, ಖರಗ್‌ಪುರ ನಾಲ್ಕು ಕಡೆ 30 ಮೀಟರಿನ ಟವರ್ ನಿಲ್ಲಿಸಿ ಗಾಳಿಯ ಏರಿಳಿತ, ಬಿಸಿಯ ಏರಿಳಿತ ಅಳೆದ್ರು. ರಾಜಸ್ಥಾನದಿಂದ ಬಂಗಾಳ ಕೊಲ್ಲಿವರೆಗೆ ಮುಂಗಾರಿನ ಒತ್ತಡದ ತಗ್ಗು, ಅಂದ್ರೆ ಗಾಳಿಯ ಒತ್ತಡ ಕಮ್ಮಿ ಇರೋ ಪಟ್ಟಿ, ಹಾಯೋ ದಾರಿ ಅದು. ಗಾಳಿ ಜೋರಿದ್ರೆ ನೆಲದ ಬಿಸಿ ಮೇಲಕ್ಕೆ ಜಾಸ್ತಿ ಹೋಗತ್ತೆ, ಕಮ್ಮಿ ಇದ್ರೆ ಕಮ್ಮಿ, ಇದು ಬೇರೆ ದೇಶದ ಬಯಲುಗಳಲ್ಲಿ ಅಳೆದು ಮಾಡಿದ ಸೂತ್ರ. ಜೋಧಪುರದಲ್ಲಿ ಗಾಳಿ ಮಂದ ಇದ್ದಾಗ ನೋಡಿದ್ರೆ, ನೆಲದ ಬಿಸಿ ಗಾಳಿಯ ವೇಗಾನ ಕೇಳ್ತಾನೇ ಇರಲಿಲ್ಲ, ಸುಡೋ ನೆಲಕ್ಕೂ ಮೇಲಿನ ಗಾಳಿಗೂ ಇರೋ ವ್ಯತ್ಯಾಸ ನೋಡ್ಕೊಂಡು ತಾನೇ ಏಳ್ತಿತ್ತು, ಗಾಳಿ ಅನ್ನೋದು ಅಲ್ಲಿ ಪಕ್ಕವಾದ್ಯ. ನಮ್ಮ ದೇಶದಲ್ಲಿ ಬಿಸಿಲು ಜೋರು, ಗಾಳಿ ಮಂದ ಅನ್ನೋದು ಮಾಮೂಲಿ ದಿನ, ಹಾಗಾಗಿ ಇದು ಸಣ್ಣ ವಿಷಯ ಅಲ್ಲ.

ಇನ್ನೊಂದು ಇದೆ, ರಾತ್ರಿಯದ್ದು. ಹಳ್ಳಿಯಲ್ಲಿ ಮಾಗಿ ಚಳಿಯ ಬೆಳಗ್ಗೆ ಬಚ್ಚಲೊಲೆ ಹೊಗೆ ಹಂಚಿನ ಮೇಲೆ ಚಾಪೆ ಹಾಸಿದ ಹಾಗೆ ಮಲಗಿರೋದು ನೋಡಿರ್ತೀರ. ನೆಲ ತಣ್ಣಗೆ, ಮೇಲಿನ ಗಾಳಿ ಬೆಚ್ಚಗೆ, ಭಾರದ್ದು ಕೆಳಗೆ ಹಗುರದ್ದು ಮೇಲೆ, ಸುಳಿಗಳಿಗೆ ಏಳೋ ಶಕ್ತಿನೇ ಇರಲ್ಲ. ಹಾಗಾದ್ರೆ ಅತೀ ಚಳಿ ಇರಬೇಕಾದ್ದು ನೆಲದ ಮೇಲೇ. ಆದ್ರೆ 1932ರಲ್ಲಿ ಎಲ್.ಎ. ರಾಮದಾಸ್ ಮತ್ತು ಎಸ್. ಆತ್ಮನಾಥನ್ ಬೇರೆ ಏನೋ ಹೇಳಿದ್ರು. ರಾಮದಾಸ್ ಸಿ.ವಿ. ರಾಮನ್ ಶಿಷ್ಯರು, ಪುಣೆಯಲ್ಲಿ ಕೃಷಿ ಹವಾಮಾನ ನೋಡ್ಕೊಂಡಿದ್ದವರು. ಗಾಳಿ ನಿಂತ, ಮೋಡ ಇಲ್ಲದ ರಾತ್ರಿ ಅತೀ ಚಳಿ ಇರೋದು ನೆಲದ ಮೇಲಲ್ಲ, ನೆಲದಿಂದ ಒಂದೆರಡು ಗೇಣು ಮೇಲೆ ಅಂತ! ಕೆಲವು ಡಿಗ್ರಿವರೆಗೂ ವ್ಯತ್ಯಾಸ. ಥರ್ಮಾಮೀಟರ್ ಸರಿಯಿಲ್ಲ ಅಂತ ಶುರುವಿನಲ್ಲಿ ಬಹಳ ಜನ ನಂಬಲಿಲ್ಲ. ನಂಬದೇ ಇರೋಕೆ ಕಾರಣಾನೂ ಇತ್ತು, ಬೆಚ್ಚಗಿನ ಗಾಳಿ ಕೆಳಗೆ, ಅದರ ಮೇಲೆ ತಣ್ಣನೆ ಭಾರದ ಗಾಳಿ ಕೂತ್ರೆ ಅದು ಮಗುಚಿ ಬೀಳಬೇಕು, ಪಾತ್ರೆಯಲ್ಲಿ ನೀರು ಕಾಯೋವಾಗ ಮಗುಚೋ ಹಾಗೆ. ಬೀಳಲ್ಲ, ರಾತ್ರಿ ಪೂರ್ತಿ ಹಾಗೇ ನಿಂತಿರತ್ತೆ.

ಇದಕ್ಕೆ 1993ರಲ್ಲಿ ನರಸಿಂಹ, ಜೆ. ಶ್ರೀನಿವಾಸನ್, ವಾಸುದೇವ ಮೂರ್ತಿ ಸೇರಿ ಒಂದು ಸಿದ್ಧಾಂತ ಕೊಟ್ರು, ನೆಲಕ್ಕಂಟಿದ ಗಾಳಿ ಬರೀ ಆಕಾಶಕ್ಕೆ ಶಾಖ ಬಿಟ್ಟು ಬಿಟ್ಟು, ನೆಲಕ್ಕಿಂತ ಬೇಗ ತಣ್ಣಗಾಗತ್ತೆ, ನೆಲಕ್ಕಾದ್ರೆ ಕೆಳಗಿನ ಮಣ್ಣಿಂದ ಬಿಸಿ ಬರ್ತಾ ಇರತ್ತೆ ಅನ್ನೋ ಥರದ್ದು. ಬಹಳ ವರ್ಷ ಅದೇ ಉತ್ತರ ಅಂತಿತ್ತು. ಆಮೇಲೆ ಅದೇ ಜಕ್ಕೂರಿನ ಸಂಸ್ಥೆಯಲ್ಲೇ, ಕೆ.ಆರ್. ಶ್ರೀನಿವಾಸ್ (ಮೇಲೆ ಬಂದ ಶ್ರೀನಿವಾಸನ್‌ಗಳಲ್ಲ, ಬೇರೆಯವರು) ಮತ್ತು ಜಿ. ಸುಬ್ರಮಣಿಯನ್ ಅವರ ಗುಂಪು ಕೂತು ಲೆಕ್ಕ ಬಿಚ್ಚಿ ನೋಡಿ, ನೆಲ ವಾಪಸ್ ಪ್ರತಿಫಲಿಸೋ ವಿಕಿರಣವನ್ನ ಆ ಮಾದರಿಯಲ್ಲಿ ಸರಿಯಾಗಿ ಹಿಡಿದಿಲ್ಲ, ಇಲ್ಲದ ತಂಪು ಲೆಕ್ಕದಲ್ಲಿ ಹುಟ್ಕೊಂಡಿದೆ ಅಂತ ತೋರಿಸ್ತು. ಹಾಗಾದ್ರೆ ನಿಜವಾಗ್ಲೂ ತಂಪು ಮಾಡ್ತಿರೋದು ಯಾರು? ನೆಲದ ಹತ್ರ ತೇಲ್ತಾ ಇರೋ ಧೂಳು, ಕಣ್ಣಿಗೆ ಕಾಣದ ಏರೋಸಾಲ್ ಕಣಗಳು, ಅವು ಗಾಳಿಗಿಂತ ಚೆನ್ನಾಗಿ ಶಾಖವನ್ನ ಆಕಾಶಕ್ಕೆ ಬಿಡ್ತವೆ. ಲ್ಯಾಬಲ್ಲಿ ಗಾಳಿ ಸೋಸಿ ಕಣ ತೆಗೆದಾಗ ಆ ಎತ್ತರದ ಚಳಿ ಕಮ್ಮಿಯಾಯ್ತು. ಹಿರಿಯ ಪ್ರೊಫೆಸರ್ ಸಿದ್ಧಾಂತವನ್ನ ಅದೇ ಕ್ಯಾಂಪಸ್ಸಿನವರು ಬಿಚ್ಚಿ ತಪ್ಪು ತೋರ್ಸೋದು, ಅದು ಅಚ್ಚಾಗೋದು, ಎಷ್ಟು ಕಡೆ ನಡೆಯತ್ತೆ ಹೇಳಿ.

ಹೋದ ಡಿಸೆಂಬರಲ್ಲಿ ಊರಿಗೆ ಹೋಗಿದ್ದಾಗ ನನಗೂ ಹುಚ್ಚು ಹತ್ತಿ, ಅಡುಗೆಗೆ ಅಂತ ಆನ್‌ಲೈನಲ್ಲಿ ತರಿಸಿದ್ದ ಎರಡು ಡಿಜಿಟಲ್ ಥರ್ಮಾಮೀಟರ್ ತಗೊಂಡು, ಒಂದನ್ನ ಮಣ್ಣಿಗೆ ತಾಗಿಸಿ, ಇನ್ನೊಂದನ್ನ ಹಿಡಿಕಡ್ಡಿ ಗುಚ್ಛಕ್ಕೆ ದಾರದಲ್ಲಿ ಕಟ್ಟಿ ಒಂದೂವರೆ ಗೇಣು ಎತ್ತರದಲ್ಲಿ ನಿಲ್ಲಿಸಿ, ಕಂಬಳಿ ಹೊದ್ಕೊಂಡು ಹಿತ್ತಲಲ್ಲಿ ಕೂತೆ. ಮೊದಲು ಎರಡನ್ನೂ ಒಂದೇ ಲೋಟ ನೀರಲ್ಲಿ ಅದ್ದಿ ನೋಡಬೇಕಿತ್ತು ಅನ್ನೋದು ಹೊಳೆದಿದ್ದು ರಾತ್ರಿ ಹನ್ನೊಂದಕ್ಕೆ. ಅದ್ದಿದೆ, ಲೋಟದಲ್ಲೇ ಒಂದಕ್ಕೂ ಇನ್ನೊಂದಕ್ಕೂ 1.4 ಡಿಗ್ರಿ ವ್ಯತ್ಯಾಸ. ಸರಿ ಅದನ್ನ ಕಳೆದು ಲೆಕ್ಕ ಹಾಕೋಣ ಅಂತ ಮತ್ತೆ ಇಟ್ಟೆ, ಅಷ್ಟೊತ್ತಿಗೆ ತೋಟದ ಕಡೆಯಿಂದ ಸಣ್ಣಗೆ ಗಾಳಿ ಶುರು, ಮೇಲಿನ ಮೀಟರ್ ಒಮ್ಮೆ ಏರೋದು ಒಮ್ಮೆ ಇಳಿಯೋದು, ಗಾಳಿ ನಿಂತಾಗ ಒಂದೆರಡು ನಿಮಿಷ ಮಣ್ಣಿಗಿಂತ ಕಮ್ಮಿ ತೋರಿಸಿದ ಹಾಗೂ ಇತ್ತು, ಆಮೇಲೆ ಇಲ್ಲ. ಹನ್ನೆರಡೂಕಾಲಿಗೆ ಅಮ್ಮ ಹಿತ್ತಲ ಲೈಟ್ ಹಾಕಿ, "ಚಳಿ ಇದೆ ಅಂತ ಗೊತ್ತಾಗೋಕೆ ಎರಡು ಮೀಟರ್ ಬೇಕೇನೋ, ಒಳಗೆ ಬಂದು ಮಲಕ್ಕೋ" ಅಂದ್ರು.